8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್: ಚಂದ್ರ, ಶನಿ ಬಿಟ್ಟು ಎಂ67 ತೋರಿಸಿ ಮಾಡಿದ ರಿವ್ಯೂ

ಟೆಲಿಸ್ಕೋಪ್ ರಿವ್ಯೂ ಬರೆಯುವವರೆಲ್ಲ ಚಂದ್ರ ಇಲ್ಲವೇ ಶನಿಯಿಂದ ಶುರು ಮಾಡುತ್ತಾರೆ. ಅದರಿಂದ ನಮಗೆ ಏನೂ ಗೊತ್ತಾಗುವುದಿಲ್ಲ. ಚಂದ್ರ ಎಂಥ ಟೆಲಿಸ್ಕೋಪಿನಲ್ಲೂ ಚೆನ್ನಾಗಿ ಕಾಣುತ್ತಾನೆ, ಶನಿಯ ಉಂಗುರ 60 ಮಿ.ಮೀ. ಲೆನ್ಸಿನ ಪುಟ್ಟ ಟೆಲಿಸ್ಕೋಪಿನಲ್ಲೂ ಕಾಣುತ್ತದೆ, ನೋಡಿದವರು ಖುಷಿಯಾಗಿ ಐದು ಸ್ಟಾರ್ ಒತ್ತಿ ಹೋಗುತ್ತಾರೆ. ಮಸುಕಾದ ವಸ್ತುವಿನ ಮುಂದೆ ಆ ಕನ್ನಡಿ ಏನು ಮಾಡುತ್ತದೆ ಅನ್ನುವ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ. ಹಾಗಾಗಿ ಈ 8 ಇಂಚಿನ ಡಾಬ್ಸೋನಿಯನ್ನನ್ನು ನಾನು ಒಂದೇ ಒಂದು ಮುದಿ ನಕ್ಷತ್ರಗುಚ್ಛದ ಮೇಲೆ ಇಟ್ಟು ಅಳೆದೆ. ಅದರ ಹೆಸರು ಎಂ67, ಅಂದರೆ ಮೆಸ್ಸಿಯೇ ಪಟ್ಟಿಯ 67ನೆಯದು. ಸುಳ್ಳು ಹೊಗಳಿಕೆ ಅದಕ್ಕೆ ಬರುವುದಿಲ್ಲ.

ಮೊದಲು ವಸ್ತುವಿನ ವಿವರ ಹೇಳಿಬಿಡುತ್ತೇನೆ. ಕನ್ನಡಿ 203 ಮಿ.ಮೀ., ಫೋಕಲ್ ಲೆಂತ್ 1200 ಮಿ.ಮೀ., ಅಂದರೆ ಎಫ್ 6 (ಫೋಕಲ್ ಲೆಂತ್ ಕನ್ನಡಿಯ ಅಗಲದ ಸುಮಾರು ಆರು ಪಟ್ಟು). ಜೊತೆಗೆ 25 ಮತ್ತು 10 ಮಿ.ಮೀ.ನ ಎರಡು ಐಪೀಸ್ (ಕಣ್ಣಿಟ್ಟು ನೋಡುವ ಮಸೂರ), ವಸ್ತುವನ್ನು ಹುಡುಕಿಕೊಳ್ಳಲು ಟ್ಯೂಬಿನ ಮೇಲೆ ಕೂರುವ ಒಂದು ಪುಟ್ಟ 8x50 ಫೈಂಡರ್, ಮರದ ಹಲಗೆಯ ತಿರುಗುವ ಪೀಠ. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಈ ಅಳತೆಯ ಡಾಬ್‌ಗಳು ಯಾರು ಮಾಡಿದರೂ ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ, ಬಣ್ಣ ಮತ್ತು ಸ್ಕ್ರೂ ಬೇರೆ ಅಷ್ಟೇ. ಮೋಟಾರಿಲ್ಲ, ಕಂಪ್ಯೂಟರಿಲ್ಲ, ಕೈಯಲ್ಲಿ ತಳ್ಳಿದರೆ ತಿರುಗುತ್ತದೆ. ಈ ಸರಳ ವಿನ್ಯಾಸವನ್ನು ಜನಪ್ರಿಯ ಮಾಡಿದವರು ಜಾನ್ ಡಾಬ್ಸನ್. ಅವರು ಕ್ಯಾಲಿಫೋರ್ನಿಯಾದ ವೇದಾಂತ ಮಠಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸನ್ಯಾಸಿಯಾಗಿದ್ದವರು, ಹಡಗಿನ ಕಿಟಕಿಯ ಹಳೇ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆಯಲ್ಲಿ ಕೂರಿಸಿ, ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಆಕಾಶ ತೋರಿಸುತ್ತಿದ್ದರು. ಇಂಥ ಟೆಲಿಸ್ಕೋಪಿನಲ್ಲಿ ಹಣವೆಲ್ಲ ಕನ್ನಡಿಗೆ ಹೋಗಬೇಕು, ಸ್ಟ್ಯಾಂಡಿಗಲ್ಲ ಅನ್ನುವುದೇ ಅವರ ತತ್ವ ಅಂತ ನನಗನ್ನಿಸುತ್ತದೆ. ಪೀಠ ನೋಡಿದರೆ ಹಾಗೇ ಇದೆ.

ಎಂ67 ಯಾಕೆ? ಇದು ಕರ್ಕಾಟಕ ರಾಶಿಯಲ್ಲಿರುವ ತೆರೆದ ನಕ್ಷತ್ರಗುಚ್ಛ, ಅಂದರೆ ಒಟ್ಟಿಗೆ ಹುಟ್ಟಿದ ನಕ್ಷತ್ರಗಳ ಸಡಿಲವಾದ ಗುಂಪು. ಅಲ್ಲೇ ಪಕ್ಕದಲ್ಲಿ ಎಂ44 ಅನ್ನುವ ಇನ್ನೊಂದು ಗುಚ್ಛ ಇದೆ, ಬರಿಗಣ್ಣಿಗೇ ಮಬ್ಬಾಗಿ ಕಾಣುತ್ತದೆ, ಬೈನಾಕ್ಯುಲರ್ ಹಿಡಿದರೆ ಸಾಕು ಹತ್ತಾರು ನಕ್ಷತ್ರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಅದು ಸುಮಾರು 600 ಜ್ಯೋತಿರ್ವರ್ಷ ದೂರದಲ್ಲಷ್ಟೇ ಇದೆ, ಹಾಗಾಗಿ ಸುಲಭ. ಎಂ67 ಸುಮಾರು 2,800 ಜ್ಯೋತಿರ್ವರ್ಷ ದೂರ. ಆಕಾಶದಲ್ಲಿ ಹುಣ್ಣಿಮೆ ಚಂದ್ರನಷ್ಟೇ ಅಗಲ, ಆದರೆ ಅದರ ಸದಸ್ಯರಲ್ಲಿ ಅತಿ ಪ್ರಕಾಶದವೂ ಹತ್ತನೇ ಮ್ಯಾಗ್ನಿಟ್ಯೂಡಿನ ಆಸುಪಾಸಿನಲ್ಲಿವೆ (ಮ್ಯಾಗ್ನಿಟ್ಯೂಡ್ ಅಂದರೆ ಪ್ರಕಾಶದ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಸುಕು). ಅಲ್ಲಿಂದ ಕೆಳಗೆ 11, 12, 13, 14 ಅಂತ ಸಾಲಾಗಿ ಇಳಿಯುತ್ತಾ ಹೋಗುತ್ತವೆ. ಕನ್ನಡಿ ಎಷ್ಟು ಆಳಕ್ಕೆ ಹೋಗುತ್ತದೆ ಅಂತ ನೋಡಲು ಇದಕ್ಕಿಂತ ಒಳ್ಳೆಯ ಮೆಟ್ಟಿಲು ಸಿಗುವುದು ಕಷ್ಟ.

ಈ ಪರೀಕ್ಷೆ ಹೊಸದೇನಲ್ಲ. 1779ಕ್ಕೂ ಮೊದಲೇ ಇದನ್ನು ಮೊದಲು ನೋಡಿದ ಜೊಹಾನ್ ಗಾಟ್‌ಫ್ರೀಡ್ ಕೋಲರ್ ಅವರಿಗೆ ಕಂಡಿದ್ದು ಬರೀ ಮಸುಕು ಮೋಡ, ಅವರ ಟೆಲಿಸ್ಕೋಪಿಗೆ ನಕ್ಷತ್ರಗಳನ್ನು ಬಿಡಿಸಿ ತೋರಿಸುವ ಶಕ್ತಿ ಇರಲಿಲ್ಲ. 1780ರ ಏಪ್ರಿಲಿನಲ್ಲಿ ಶಾರ್ಲ್ ಮೆಸ್ಸಿಯೇ ತಾನಾಗಿ ಇದನ್ನು ಕಂಡು ಪಟ್ಟಿಗೆ ಸೇರಿಸಿದಾಗ ಇದು ನಕ್ಷತ್ರಗಳ ಗುಂಪು ಅಂತ ಗೊತ್ತಾಯಿತು. ಅದೇ ಗುಚ್ಛ, ಕೆಲವೇ ವರ್ಷಗಳ ಅಂತರ. ಬೇರೆ ಇದ್ದದ್ದು ಟೆಲಿಸ್ಕೋಪ್ ಮಾತ್ರ.

ಹುಡುಕುವ ವಿಷಯ. ಫೆಬ್ರವರಿಯಿಂದ ಏಪ್ರಿಲ್ ತನಕ ಸಂಜೆಯಾದ ಮೇಲೆ ಇದು ಚೆನ್ನಾಗಿ ಮೇಲಿರುತ್ತದೆ. ಒಂದು ಕಡೆ ಪ್ರೋಸಿಯಾನ್ ಅನ್ನುವ ಪ್ರಕಾಶದ ನಕ್ಷತ್ರ, ಇನ್ನೊಂದು ಕಡೆ ಮಖಾ ನಕ್ಷತ್ರ, ಇವೆರಡರ ನಡುವೆ ಗೆರೆ ಎಳೆದರೆ ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿ, ಗೆರೆಯಿಂದ ಸ್ವಲ್ಪ ಉತ್ತರಕ್ಕೆ ಎಂ67 ಇದೆ. ಪಕ್ಕದಲ್ಲೇ, ಎರಡು ಡಿಗ್ರಿಯೊಳಗೆ, ಅಕುಬೆನ್ಸ್ ಅನ್ನುವ ನಾಲ್ಕನೇ ಮ್ಯಾಗ್ನಿಟ್ಯೂಡಿನ ನಕ್ಷತ್ರ ಸಿಗುತ್ತದೆ. ಫೈಂಡರಿನಲ್ಲಿ ಇವೆರಡೂ ಒಟ್ಟಿಗೇ ಕಾಣುತ್ತವೆ. ಫೈಂಡರಿನ ಗಾಜು ಪರವಾಗಿಲ್ಲ, ಕತ್ತಲು ಚೆನ್ನಾಗಿದ್ದರೆ ಗುಚ್ಛ ಒಂದು ಸಣ್ಣ ಮಬ್ಬಾಗಿ ಅದರಲ್ಲೇ ಗೊತ್ತಾಗುತ್ತದೆ. ಆದರೆ ನೇರವಾಗಿ ನೋಡುವ ಈ ತರಹದ ಫೈಂಡರ್ ಚಿತ್ರವನ್ನು ತಲೆಕೆಳಗು ಮಾಡಿ ತೋರಿಸುತ್ತದೆ, ನೀವು ಟ್ಯೂಬನ್ನು ಮೇಲೆ ತಳ್ಳಿದರೆ ನಕ್ಷತ್ರ ಉಲ್ಟಾ ಓಡುತ್ತದೆ, ಅದರ ಮೇಲೆ ಕುತ್ತಿಗೆ ತಿರುಚಿ ಟ್ಯೂಬಿನ ಕೆಳಗೆ ತೂರಿ ನೋಡಬೇಕು. ಕಂಪನಿಗಳು ಇದನ್ನು ಇನ್ನೂ ಯಾಕೆ ಡಬ್ಬಿಗೆ ಹಾಕಿ ಕೊಡುತ್ತವೋ ಗೊತ್ತಿಲ್ಲ. ಲಂಬಕೋನದ ಫೈಂಡರ್ ಅಥವಾ ಕೆಂಪು ಚುಕ್ಕಿಯ ಫೈಂಡರ್ ಹಾಕಿಕೊಳ್ಳಿ, ಜೀವ ಉಳಿಯುತ್ತದೆ.

ಈಗ 25 ಮಿ.ಮೀ. ಐಪೀಸ್. 48 ಪಟ್ಟು ವರ್ಧನೆ, ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಆಕಾಶ. ಗುಚ್ಛ ಅರ್ಧ ಭಾಗ ತುಂಬುತ್ತದೆ, ಸುತ್ತ ಖಾಲಿ ಜಾಗವೂ ಉಳಿಯುತ್ತದೆ. ಈ ಖಾಲಿ ಜಾಗ ಮುಖ್ಯ, ಇಲ್ಲದಿದ್ದರೆ ಗುಚ್ಛ ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಕಣ್ಣಿಟ್ಟ ಕೂಡಲೇ ಕಾಣುವುದು ಒಂದಷ್ಟು ಚುಕ್ಕಿ, ಅವುಗಳ ಹಿಂದೆ ಸೀಮೆಸುಣ್ಣದ ಪುಡಿ ಊದಿಬಿಟ್ಟ ಹಾಗೆ ಒಂದು ಹೊಗೆ. ಅಲ್ಲಿಗೇ ನಿಲ್ಲಿಸಬೇಡಿ. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಆ ನಡುವೆ ಮೊಬೈಲ್ ತೆಗೆದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಒಗ್ಗಿದ ಮೇಲೆ ಗುಚ್ಛವನ್ನು ನೇರವಾಗಿ ದಿಟ್ಟಿಸದೆ ಅದರ ಅಂಚಿಗೆ ನೋಟ ಇಟ್ಟು ಓರೆಗಣ್ಣಲ್ಲಿ ನೋಡಿ. ಹೊಗೆ ಒಡೆದು ನಕ್ಷತ್ರಗಳಾಗುತ್ತಾ ಹೋಗುತ್ತದೆ. ಬಾಗಿದ ಸರಪಳಿಗಳು, ನಡುವೆ ಕಪ್ಪು ಸಂದುಗಳು. ಕೆಲವರಿಗೆ ಇದು ಹೆಡೆ ಎತ್ತಿದ ಕಾಳಿಂಗ ಸರ್ಪದ ಹಾಗೆ ಕಾಣುತ್ತದಂತೆ, ಕಿಂಗ್ ಕೋಬ್ರಾ ಕ್ಲಸ್ಟರ್ ಅನ್ನುವ ಹೆಸರೇ ಇದೆ. ನನಗೆ ಹೆಡೆಯೂ ಕಾಣಲಿಲ್ಲ, ಬಾಲವೂ ಕಾಣಲಿಲ್ಲ. ಗುಚ್ಛದ ಅಂಚಿನಲ್ಲಿ ಎದ್ದು ಕಾಣುವ ಒಂದು ನಕ್ಷತ್ರ ಇದೆಯಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ನಡುದಾರಿಯಲ್ಲಿ ನಿಂತಿರುವ ಬೇರೆ ನಕ್ಷತ್ರ.

ಕನ್ನಡಿ ಚೆನ್ನಾಗಿದೆ. ಇದನ್ನು ನೇರವಾಗಿ ಹೇಳುತ್ತೇನೆ. ನಡುಭಾಗದಲ್ಲಿ ನಕ್ಷತ್ರಗಳು ಸೂಜಿಮೊನೆಯಷ್ಟು ಚೂಪು. ಅಂಚಿಗೆ ಹೋದರೆ ಸ್ವಲ್ಪ ಬಾಲ ಬರುತ್ತದೆ, ಎಫ್ 6 ಕನ್ನಡಿಯಲ್ಲಿ ಅಷ್ಟು ಇದ್ದೇ ಇರುತ್ತದೆ, ಸಹಿಸಬಹುದು. ಆದರೆ ಡಬ್ಬಿಯಿಂದ ತೆಗೆದಾಗ ಕನ್ನಡಿಗಳ ಸಾಲು ಸರಿ ಇರಲಿಲ್ಲ, ಕೋಲಿಮೇಶನ್ ಮಾಡಲೇಬೇಕಾಯಿತು. ಗ್ರಹ ನೋಡುವಾಗ ಸ್ವಲ್ಪ ಸಾಲು ತಪ್ಪಿದರೆ ಗಾಳಿಯ ಮೇಲೆ ತಪ್ಪು ಹಾಕಿ ಸುಮ್ಮನಾಗಬಹುದು. ಎಂ67 ಮುಂದೆ ಆ ನೆಪ ನಡೆಯುವುದಿಲ್ಲ. ಬೆಳಕು ಹರಡಿದರೆ 13ನೇ ಮ್ಯಾಗ್ನಿಟ್ಯೂಡಿನ ನಕ್ಷತ್ರ ಮಾಯವೇ ಆಗಿಬಿಡುತ್ತದೆ. ಸಾಲು ಸರಿಪಡಿಸುವ ಮುಂಚೆ ಬರೀ ಹೊಗೆ ಇದ್ದ ಜಾಗದಲ್ಲಿ, ಸರಿಪಡಿಸಿದ ಮೇಲೆ ಬಿಡಿಬಿಡಿ ಚುಕ್ಕಿಗಳು ಬಂದವು. ಕನ್ನಡಿಯನ್ನು ಹೊರಗಿನ ಗಾಳಿಗೆ ತಣ್ಣಗಾಗಲು ಬಿಡುವುದೂ ಅಷ್ಟೇ ಮುಖ್ಯ, ಅರ್ಧ ಗಂಟೆಯಾದರೂ ಬೇಕು, ಕಣ್ಣು ಒಗ್ಗುವ ಹೊತ್ತಿಗೆ ಅದೂ ಆಗುತ್ತದೆ.

10 ಮಿ.ಮೀ. ಐಪೀಸ್ ಬಗ್ಗೆ ನನಗೆ ಸಿಟ್ಟಿದೆ. 120 ಪಟ್ಟು ವರ್ಧನೆ ಕೊಡುತ್ತದೆ, ಹಿನ್ನೆಲೆ ಆಕಾಶ ಕಪ್ಪಾಗಿ ಮಸುಕು ನಕ್ಷತ್ರಗಳು ಇನ್ನಷ್ಟು ಮೇಲೆ ಬರುತ್ತವೆ, ಅದು ನಿಜ. ವರ್ಧನೆ ಹೆಚ್ಚಿಸಿದರೆ ಆಕಾಶದ ಬೆಳಕು ಹರಡಿ ತೆಳುವಾಗುತ್ತದೆ, ನಕ್ಷತ್ರ ಮಾತ್ರ ಚುಕ್ಕಿಯಾಗಿಯೇ ಉಳಿಯುತ್ತದೆ, ಅದಕ್ಕೇ ಹೀಗೆ. ಆದರೆ ಈ ಐಪೀಸಿನ ನೋಟ ಇಕ್ಕಟ್ಟು. ಗುಚ್ಛ ಪೂರ್ತಿ ಹಿಡಿಸುವುದಿಲ್ಲ, ಕನ್ನಡಕ ಹಾಕಿಕೊಂಡವರಿಗಂತೂ ಕಣ್ಣು ಇಡಲು ಜಾಗವೇ ಇಲ್ಲ. ಇಷ್ಟು ಒಳ್ಳೆಯ ಕನ್ನಡಿ ಕೊಟ್ಟು ಕೊನೆಯಲ್ಲಿ ಇಂಥ ಐಪೀಸ್ ಇಡುವುದು ಜಿಪುಣತನ ಅಲ್ವಾ?

ಇನ್ನು ನಿಜವಾದ ವಿಷಯ. ಈ ಟೆಲಿಸ್ಕೋಪಿನ ಮಿತಿ ಎಲ್ಲಿದೆ?

ಎಂ67ರ ವಯಸ್ಸು ಸುಮಾರು 400 ಕೋಟಿ ವರ್ಷ. ನಮ್ಮ ಸೂರ್ಯನಿಗೆ 460 ಕೋಟಿ. ಹತ್ತಿರ ಹತ್ತಿರ ಒಂದೇ ಪ್ರಾಯ, ಅದರಲ್ಲಿರುವ ಲೋಹಾಂಶವೂ (ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದ ಧಾತುಗಳ ಪಾಲು) ಹೆಚ್ಚುಕಡಿಮೆ ಸೂರ್ಯನಷ್ಟೇ. ಸೂರ್ಯನಂಥ ನಕ್ಷತ್ರಗಳು ಅಲ್ಲಿ ನೂರಕ್ಕೂ ಹೆಚ್ಚಿವೆ. ಸೂರ್ಯನೇ ಅಲ್ಲಿ ಹುಟ್ಟಿ ತಪ್ಪಿಸಿಕೊಂಡು ಬಂದನಾ ಅಂತ ಕೂಡ ವಿಜ್ಞಾನಿಗಳು ಲೆಕ್ಕ ಹಾಕಿ ನೋಡಿದ್ದಾರೆ, ಸಾಧ್ಯತೆ ಕಡಿಮೆ ಅನ್ನುವ ಉತ್ತರವೇ ಹೆಚ್ಚು ಬಂದಿದೆ. ಅದಿರಲಿ. ನನ್ನ ಪ್ರಶ್ನೆ ಬೇರೆ: ಆ ಸೂರ್ಯರಲ್ಲಿ ಒಬ್ಬನಾದರೂ ನನ್ನ ಐಪೀಸಿನಲ್ಲಿ ಕಾಣುತ್ತಾನಾ? ಲೆಕ್ಕ ಸರಳ. ನಮ್ಮ ಸೂರ್ಯನನ್ನು ತೆಗೆದುಕೊಂಡು ಹೋಗಿ 2,800 ಜ್ಯೋತಿರ್ವರ್ಷದಾಚೆ ಇಟ್ಟರೆ ಅವನ ಮ್ಯಾಗ್ನಿಟ್ಯೂಡ್ ಸುಮಾರು 14.5 ಆಗುತ್ತದೆ. 8 ಇಂಚಿನ ಕನ್ನಡಿಯಲ್ಲಿ ಒಳ್ಳೆಯ ಕತ್ತಲಿದ್ದರೂ ಕಣ್ಣಿಗೆ ಸಿಗುವುದು 14ರ ಆಸುಪಾಸು. ಅಂದರೆ ಅರ್ಧ ಮ್ಯಾಗ್ನಿಟ್ಯೂಡಿನಲ್ಲಿ ತಪ್ಪಿಹೋಯಿತು. ಇಷ್ಟು ಹತ್ತಿರ ಬಂದು! 12 ಇಂಚಿನದು ಇದ್ದವರಿಗೆ ಒಳ್ಳೆಯ ರಾತ್ರಿಯಲ್ಲಿ ಸಿಕ್ಕೀತು.

2014ರಲ್ಲಿ ಚಿಲಿಯ ಲಾ ಸಿಲ್ಲಾ ವೀಕ್ಷಣಾಲಯದ ಹಾರ್ಪ್ಸ್ ಉಪಕರಣ ಬಳಸಿ ಇದೇ ಗುಚ್ಛದಲ್ಲಿ ಮೂರು ಗ್ರಹಗಳನ್ನು ಪತ್ತೆ ಮಾಡಿದರು. ಅವುಗಳಲ್ಲಿ ಒಂದು ಗ್ರಹದ ನಕ್ಷತ್ರ ಸೂರ್ಯನ ತದ್ರೂಪಿ ಅಂತಲೇ ಹೇಳಬಹುದು, ಆ ಗ್ರಹ ಏಳು ದಿನಕ್ಕೊಮ್ಮೆ ಅದನ್ನು ಸುತ್ತುತ್ತದೆ. ಆ ನಕ್ಷತ್ರವೂ 14.6ರ ಹತ್ತಿರ. ಸರಿಯಾದ ಜಾಗಕ್ಕೆ ಟೆಲಿಸ್ಕೋಪ್ ತಿರುಗಿಸಿ ಅದು ಇರುವ ದಿಕ್ಕನ್ನು ನೋಡಬಹುದು. ಅದನ್ನೇ ನೋಡಲಾಗುವುದಿಲ್ಲ. ಇದು ನನಗೆ ಸ್ವಲ್ಪ ಹೊಟ್ಟೆ ಉರಿಸಿದೆ.

ಹಾಗಾದರೆ 8 ಇಂಚಿನಲ್ಲಿ ಕಾಣುವ ನೂರರ ಆಸುಪಾಸಿನ ನಕ್ಷತ್ರಗಳು ಯಾವುವು? ಸೂರ್ಯನಿಗಿಂತ ಒಂದಿಷ್ಟು ಭಾರ ಇರುವವು. ನಕ್ಷತ್ರ ಭಾರ ಇದ್ದಷ್ಟೂ ಬೇಗ ಇಂಧನ ಖಾಲಿ ಮಾಡಿಕೊಳ್ಳುತ್ತದೆ. 400 ಕೋಟಿ ವರ್ಷದಲ್ಲಿ ದೊಡ್ಡವೆಲ್ಲ ಸತ್ತುಹೋಗಿವೆ. ಈಗ ಸರದಿ ಸೂರ್ಯನ ಸುಮಾರು 1.3 ಪಟ್ಟು ತೂಕದವುಗಳದ್ದು, ಅವು ಉಬ್ಬಿ ಕೆಂಪು ದೈತ್ಯಗಳಾಗುತ್ತಿವೆ. ಹತ್ತು, ಹತ್ತೂವರೆ ಮ್ಯಾಗ್ನಿಟ್ಯೂಡಿನಲ್ಲಿ ಮೊದಲು ಕಣ್ಣಿಗೆ ಬೀಳುವವು ಇವೇ. 12, 13ರಲ್ಲಿ ಸಿಗುವವು ಉಬ್ಬಲು ಹೊರಟಿರುವವು. 1955ರಲ್ಲಿ ಹೆರಾಲ್ಡ್ ಜಾನ್ಸನ್ ಮತ್ತು ಅಲನ್ ಸ್ಯಾಂಡೇಜ್ ಇದೇ ಗುಚ್ಛದ ನಕ್ಷತ್ರಗಳ ಬಣ್ಣ ಮತ್ತು ಪ್ರಕಾಶ ಅಳೆದು ಒಂದು ನಕ್ಷೆಯಲ್ಲಿ ಇಟ್ಟರು, ನಕ್ಷತ್ರಗಳು ಹೇಗೆ ಮುದಿಯಾಗುತ್ತವೆ ಅನ್ನುವುದನ್ನು ತಿಳಿಯಲು ಆ ನಕ್ಷೆ ದೊಡ್ಡ ಆಧಾರವಾಯಿತು. ನನ್ನ ಡಾಬ್ ತೋರಿಸುತ್ತಿರುವುದು ಆ ನಕ್ಷೆಯ ಮೇಲಿನ ಅರ್ಧ. ಕೆಳಗಿನ ಅರ್ಧದಲ್ಲಿ, ಸೂರ್ಯನಂಥವು ಇರುವ ಕಡೆ, ಬಾಗಿಲು ಮುಚ್ಚಿದೆ.

ಬಣ್ಣ ಕಾಣುತ್ತದಾ ಅಂತ ಕೇಳುತ್ತಾರೆ. ಕೃತ್ತಿಕಾ ನಕ್ಷತ್ರಗಳ ನೀಲಿ ನೋಡಿ ಬಂದವರಿಗೆ ಇಲ್ಲಿ ನಿರಾಸೆ. ಅದು ಸುಮಾರು ಹತ್ತು ಕೋಟಿ ವರ್ಷದ ಎಳೆ ಗುಚ್ಛ, ಇದು ಅದರ ಅಜ್ಜಿ. ಎಂ67ರ ದೈತ್ಯಗಳಿಗೆ ನಿಜವಾಗಿ ಕಿತ್ತಳೆ ಬಣ್ಣ ಇದೆ, 48 ಪಟ್ಟಿನಲ್ಲಿ ತಾಳ್ಮೆಯಿಂದ ನೋಡಿದರೆ ಪ್ರಕಾಶದ ಕೆಲವದರಲ್ಲಿ ಒಂದು ಹಳದಿ ಛಾಯೆ ತಿಳಿಯುತ್ತದೆ. ಫೋಟೋದಲ್ಲಿ ಕಾಣುವಷ್ಟು ಕಾಣುವುದಿಲ್ಲ. ಓರೆಗಣ್ಣಲ್ಲಿ ಬಣ್ಣ ಇನ್ನೂ ಕಡಿಮೆ, ಬಣ್ಣ ಬೇಕಾದರೆ ನೇರ ನೋಡಿ. ಇವುಗಳ ನಡುವೆ ಒಂದು ಹತ್ತನೇ ಮ್ಯಾಗ್ನಿಟ್ಯೂಡಿನ ನೀಲಿ-ಬಿಳಿ ನಕ್ಷತ್ರ ಇದೆ, ಅದು ಗುಚ್ಛದ ಸದಸ್ಯನೇ. ಇಷ್ಟು ಮುದಿ ಗುಂಪಿನಲ್ಲಿ ಅಷ್ಟು ಬಿಸಿಯಾದ ನಕ್ಷತ್ರ ಇರಲೇಬಾರದು, ಯಾವತ್ತೋ ಸಾಯಬೇಕಿತ್ತು. ಇಂಥವಕ್ಕೆ ಬ್ಲೂ ಸ್ಟ್ರಾಗ್ಲರ್ ಅಂತಾರೆ, ಎಂ67ರಲ್ಲಿ ಹಲವು ಇವೆ. ಜೋಡಿ ನಕ್ಷತ್ರದಲ್ಲಿ ಒಂದು ಇನ್ನೊಂದರ ದ್ರವ್ಯ ಎಳೆದುಕೊಂಡೋ, ಎರಡು ಸೇರಿ ಒಂದಾಗಿಯೋ, ಹೊಸ ಇಂಧನ ಸಿಕ್ಕಿ ಮತ್ತೆ ಎಳೆಯದಾಗಿ ಕಾಣುತ್ತವೆ. ನಕ್ಷೆ ಪಕ್ಕದಲ್ಲಿಟ್ಟುಕೊಂಡು ಇದನ್ನು ಗುರುತಿಸಿ, ಪಕ್ಕದ ಕಿತ್ತಳೆ ದೈತ್ಯಕ್ಕೆ ಹೋಲಿಸಿ ನೋಡಿದ್ದೇ ಈ ಟೆಲಿಸ್ಕೋಪ್ ನನಗೆ ಕೊಟ್ಟ ಅತಿ ಒಳ್ಳೆಯ ಗಳಿಗೆ. ಶನಿಯ ಉಂಗುರಕ್ಕಿಂತ ಜಾಸ್ತಿ. ಹೌದು, ಜಾಸ್ತಿ.

ತೆರೆದ ಗುಚ್ಛಗಳಲ್ಲಿ ಹೆಚ್ಚಿನವು ಕೆಲವು ಹತ್ತು ಕೋಟಿ ವರ್ಷಗಳಲ್ಲೇ ಚದುರಿ ಹೋಗುತ್ತವೆ. ದಾರಿಯಲ್ಲಿ ಸಿಗುವ ದೈತ್ಯ ಅನಿಲ ಮೋಡಗಳ ಸೆಳೆತ, ಆಕಾಶಗಂಗೆಯ ಎಳೆತ, ಒಳಗಿನ ನಕ್ಷತ್ರಗಳ ತಳ್ಳಾಟ. ಎಂ67 ಉಳಿದಿದ್ದು ಹುಟ್ಟಿನಲ್ಲಿ ತುಂಬಾ ದೊಡ್ಡದಿದ್ದ ಕಾರಣಕ್ಕೆ, ಮತ್ತೆ ಆಕಾಶಗಂಗೆಯ ತಟ್ಟೆಯಿಂದ ಸುಮಾರು 1,500 ಜ್ಯೋತಿರ್ವರ್ಷ ಮೇಲಿರುವುದರಿಂದ ಮೋಡಗಳ ಕಾಟ ಕಡಿಮೆ. ನೋಡುವವರಿಗೆ ಇದರಿಂದ ಒಂದು ಲಾಭ ಇದೆ: ಹಿನ್ನೆಲೆಯಲ್ಲಿ ಬೇರೆ ನಕ್ಷತ್ರಗಳ ಗಲಾಟೆ ಇಲ್ಲ, ಕಂಡದ್ದರಲ್ಲಿ ಬಹುಪಾಲು ಗುಚ್ಛದ್ದೇ.

ಬೇರೆ ಮುದಿ ಗುಚ್ಛಗಳನ್ನೂ ಇದರಲ್ಲಿ ನೋಡಿದೆ. ಕ್ಯಾಸಿಯೋಪಿಯಾ ನಕ್ಷತ್ರಪುಂಜದ ಎನ್‌ಜಿಸಿ 7789 (ಎನ್‌ಜಿಸಿ ಕೂಡ ಮೆಸ್ಸಿಯೇ ಪಟ್ಟಿಯಂಥ ಇನ್ನೊಂದು ಪಟ್ಟಿ), 1783ರಲ್ಲಿ ಕ್ಯಾರೊಲಿನ್ ಹರ್ಷೆಲ್ ಕಂಡುಹಿಡಿದಿದ್ದು, 8 ಇಂಚಿಗೆ ಹೇಳಿ ಮಾಡಿಸಿದ ಹಾಗಿದೆ. ಇದರ ವಯಸ್ಸು ನೂರೈವತ್ತು ಕೋಟಿ ವರ್ಷದ ಆಚೆ ಈಚೆ, ಮಸುಕು ನಕ್ಷತ್ರಗಳ ಸುರುಳಿಗಳ ನಡುವೆ ಕಪ್ಪು ಗೆರೆಗಳು, ನೋಟದ ಅಂದದಲ್ಲಿ ಎಂ67 ಅನ್ನೇ ಮೀರಿಸುತ್ತದೆ. ಧ್ರುವ ನಕ್ಷತ್ರದ ಹತ್ತಿರ ಇರುವ ಎನ್‌ಜಿಸಿ 188 ಇನ್ನೂ ಹಳೆಯದು, 600-700 ಕೋಟಿ ವರ್ಷ. ಅದು ಈ ಕನ್ನಡಿಯಲ್ಲಿ ಒಂದು ಮಬ್ಬು ಮತ್ತು ಕೆಲವು ಚುಕ್ಕಿ, ಅಷ್ಟೇ. ವೀಣಾ ನಕ್ಷತ್ರಪುಂಜದ ಎನ್‌ಜಿಸಿ 6791ಕ್ಕೆ ಸುಮಾರು 800 ಕೋಟಿ ವರ್ಷ, ದೂರವೂ ತುಂಬಾ, ಇದೆ ಅನ್ನುವುದು ತಿಳಿಯುತ್ತದೆ, ಬಿಡಿಸಿ ನೋಡುವ ಆಸೆ ಇಟ್ಟುಕೊಳ್ಳಬೇಡಿ.

ತೊಂದರೆಗಳು. ಟ್ಯೂಬ್ ಮತ್ತು ಪೀಠ ಸೇರಿ 20 ಕಿಲೋ ಮೇಲಿದೆ, ಎರಡು ಸಲಕ್ಕೆ ಹೊರಬೇಕು. ಎಂ67 ನೆತ್ತಿಯ ಹತ್ತಿರ ಬಂದಾಗ, ಅಂದರೆ ಅತಿ ಚೆನ್ನಾಗಿ ಕಾಣಬೇಕಾದ ಹೊತ್ತಿಗೇ, ಡಾಬ್ ತಿರುಗಿಸುವುದು ಕಷ್ಟ. ಟ್ಯೂಬ್ ನೆಟ್ಟಗೆ ನಿಂತಾಗ ಪಕ್ಕಕ್ಕೆ ತಳ್ಳಲು ಹಿಡಿತವೇ ಸಿಗುವುದಿಲ್ಲ, ಒತ್ತಿದರೆ ಪೀಠವೇ ಜರುಗುತ್ತದೆ. ಡಾಬ್ ಬಳಸುವವರಿಗೆಲ್ಲ ಗೊತ್ತಿರುವ ತಲೆನೋವು ಇದು. ನೆತ್ತಿಗೆ ಬರುವ ಒಂದು ಗಂಟೆ ಮುಂಚೆಯೋ ಆಮೇಲೋ ನೋಡಿ. ನನಗೆ ಬಂದ ಪೀಠದ ತಿರುಗುವ ಭಾಗ ಬೇರೆ ಬಿಗಿಯಾಗಿತ್ತು, ಬೋಲ್ಟ್ ಸಡಿಲಿಸಿದ ಮೇಲೆ ಸರಿಹೋಯಿತು. ಮಾರಿದವರಿಗೆ ಬರೆದರೆ ಬಳಸುತ್ತಾ ಸಡಿಲವಾಗುತ್ತದೆ ಅಂತ ಉತ್ತರ ಬಂತು. ಮೋಟಾರಿಲ್ಲದ ಕಾರಣ 120 ಪಟ್ಟಿನಲ್ಲಿ ಗುಚ್ಛ ಒಂದೆರಡು ನಿಮಿಷಕ್ಕೇ ಜಾರಿ ಹೋಗುತ್ತದೆ, ತಳ್ಳುತ್ತಾ ಇರಬೇಕು. ಇದು ಅಭ್ಯಾಸವಾಗುತ್ತದೆ, ದೂರು ಅಲ್ಲ.

10x50 ಬೈನಾಕ್ಯುಲರ್ ಇದ್ದವರು ಇದನ್ನು ತೆಗೆದುಕೊಳ್ಳಬೇಕಾ? ಎಂ67 ಬೈನಾಕ್ಯುಲರಿನಲ್ಲಿ ಬರೀ ಮಬ್ಬು, ಹೆಚ್ಚೆಂದರೆ ಅಂಚಿನಲ್ಲಿ ಮಿಣುಕು. ಗುಚ್ಛ ಒಡೆದು ನಕ್ಷತ್ರಗಳಾಗುವುದನ್ನು ನೋಡಬೇಕಾದರೆ ಇಷ್ಟು ದೊಡ್ಡ ಕನ್ನಡಿ ಬೇಕು. ಇನ್ನು ಈಗ ಎಲ್ಲರೂ ಹೊಗಳುವ 50 ಮಿ.ಮೀ. ಸ್ಮಾರ್ಟ್ ಟೆಲಿಸ್ಕೋಪ್. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಅದು ಕೆಲವು ನಿಮಿಷ ಫೋಟೋ ಪೇರಿಸಿ ನನ್ನ 8 ಇಂಚು ತೋರಿಸದ 14.5ನೇ ಮ್ಯಾಗ್ನಿಟ್ಯೂಡಿನ ಸೂರ್ಯರನ್ನೂ ಮೊಬೈಲಿನಲ್ಲಿ ತೋರಿಸಿಬಿಡುತ್ತದೆ, ಕಿತ್ತಳೆ ಬಣ್ಣ ಸಮೇತ. ನಿಮಗೆ ಚಿತ್ರ ಬೇಕಿದ್ದರೆ ಅದನ್ನೇ ತೆಗೆದುಕೊಳ್ಳಿ, ಡಾಬ್ ಬೇಡ. 2,800 ವರ್ಷ ಪ್ರಯಾಣ ಮಾಡಿ ಬಂದ ಬೆಳಕು ನೇರವಾಗಿ ನನ್ನ ಕಣ್ಣಿಗೇ ಬೀಳಬೇಕು ಅನ್ನುವ ಹಠ ಇದ್ದವರಿಗೆ ಡಾಬ್. ನನಗೆ ಆ ಹಠ ಇದೆ.

ಐದಕ್ಕೆ ನಾಲ್ಕು ಸ್ಟಾರ್. ಕಳೆದ ಒಂದು ಪೂರ್ತಿ ಫೈಂಡರ್ ಮತ್ತು 10 ಮಿ.ಮೀ. ಐಪೀಸಿನ ಲೆಕ್ಕಕ್ಕೆ. ತೆಗೆದುಕೊಳ್ಳುವವರು ಟೆಲಿಸ್ಕೋಪಿನ ಜೊತೆಗೇ ಒಂದು ಕೋಲಿಮೇಶನ್ ಕ್ಯಾಪ್, ಮತ್ತೆ 15 ಮಿ.ಮೀ. ಆಸುಪಾಸಿನ ಅಗಲ ನೋಟದ ಐಪೀಸ್ ತರಿಸಿಕೊಳ್ಳಿ. 80 ಪಟ್ಟಿನಲ್ಲಿ ಎಂ67 ಪೂರ್ತಿಯಾಗಿ ಹಿಡಿಸುತ್ತದೆ, ಹಿನ್ನೆಲೆಯೂ ಬೇಕಾದಷ್ಟು ಕಪ್ಪಾಗುತ್ತದೆ.